ನಾಲ್ಕನೇ ಬೋಲ್ಟು

ಆದೇಶ ನಲವತ್ತೊಂದು. ಒಂದೂವರೆ ಸಾಲು:
'ವಾಹನ ನಿಲುಗಡೆಯ ಹಿತದೃಷ್ಟಿಯಿಂದ ವಸತಿ ಅಂಗಳಗಳಲ್ಲಿನ
ಆಸನಗಳನ್ನು ತೆರವುಗೊಳಿಸತಕ್ಕದ್ದು.'
ಊಟಕ್ಕೆ ಐದು ನಿಮಿಷ ಬಾಕಿಯಿತ್ತಂತೆ.
ಎಲ್ಲರೂ ಕೈ ಎತ್ತಿದರಂತೆ,
ಎತ್ತಿದ ಕೈ ತೊಳೆದುಕೊಂಡು ಉಣ್ಣಲು ಹೋದರಂತೆ.

ನನಗೆ ಕೊಟ್ಟದ್ದು ಹತ್ತೊಂಬತ್ತರ ಸ್ಪ್ಯಾನರು,
ತುಕ್ಕಿಗೆಂದು ಒಂದು ಶೀಷೆ ಎಣ್ಣೆ,
ಕುತಾಯಿಸಿಯ ನದಿಯಾಚೆಗಿನ ಎಂಟು ಬೀದಿಗಳ ಪಟ್ಟಿ.

ಬೆಂಚಿಗೆ ನಾಲ್ಕು ಬೋಲ್ಟು.
ಮೂರು ಸಲೀಸಾಗಿ ಬರುತ್ತವೆ, ನಾಲ್ಕನೆಯದು ಹಟಮಾರಿ;
ಯಾವ ಅಂಗಳಕ್ಕೆ ಹೋದರೂ ಇದೇ ಕತೆ.
ಅಡಿಯಲ್ಲಿ ಸೂರ್ಯಕಾಂತಿ ಬೀಜದ ಸಿಪ್ಪೆ, ಮೂವತ್ತು ವರ್ಷದ್ದು,
ಮಣ್ಣಾಗಲು ಮನಸ್ಸಿಲ್ಲದೆ ಪದರ ಪದರ.
ನಾರ್ದಿ ಆಟದ ಒಂದು ದಾಳ. ಯಾವುದೋ ಮಗುವಿನ ಹಲ್ಲು.
ದಾಳವನ್ನು ಜೇಬಿಗೆ ಹಾಕಿಕೊಂಡೆ.
ಹಲ್ಲನ್ನು ಅಲ್ಲೇ ಬಿಟ್ಟೆ.

ಮೂರನೇ ಮಹಡಿಯಿಂದ ಲಮಾರಾ ನೋಡುತ್ತಿದ್ದಳು.
ಬಯ್ಯಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತು.
'ಜುಂಬೇರ್, ನೀನು ಹೊಟ್ಟೆಯಲ್ಲಿದ್ದಾಗ, ಏಳನೇ ತಿಂಗಳು,
ನಿಮ್ಮಮ್ಮ ಸಂತೆಯಿಂದ ಬಂದು ಉಸ್ಸಪ್ಪಾ ಎಂದು ಕೂತದ್ದು
ಇದರ ಮೇಲೇ' ಎಂದಳು. ಕಿಟಕಿ ಮುಚ್ಚಿದಳು.
ಆಗ ಬಂತು ನಾಲ್ಕನೇ ಬೋಲ್ಟು.

ಮೊದಲ ವಾರ ಏನೂ ಆಗಲಿಲ್ಲ.
ಕಾರು ಬಂದವು, ನಿಂತವು.
ಮುದುಕರು ಗೋಡೆ ಹಿಡಿದು, ಮೊಣಕಾಲು ಹಿಡಿದು
ಒಬ್ಬರನ್ನೊಬ್ಬರು ದಾಟಿಕೊಂಡು ಒಳಗೆ ಹೋದರು.
'ನೋಡಿದೆಯಾ, ಜನ ಒಗ್ಗಿಕೊಳ್ಳುತ್ತಾರೆ' ಎಂದರು ಸಾಹೇಬರು.
ಉಕ್ಕುವ ಮುಂಚೆ ಹಾಲೂ ಸುಮ್ಮನಿರುತ್ತದೆ.
ಸಾಹೇಬರು ಯಾವತ್ತೂ ಒಲೆ ಮುಂದೆ ನಿಂತವರಲ್ಲ.

ಎರಡನೇ ಸೋಮವಾರ ಎತೆರಿ ಅಜ್ಜಿ
ಅಡುಗೆಮನೆಯ ಸ್ಟೂಲು ಹಿಡಿದು ಕೆಳಗಿಳಿದಳು.
ಬಿಳಿ ಕಾರೊಂದು ಇನ್ನೇನು ಹಿಂದಕ್ಕೆ ಬರಬೇಕು,
ಅದರ ಜಾಗದಲ್ಲಿ ಕೂತು
ಹುರುಳಿಕಾಯಿಯ ನಾರು ತೆಗೆಯತೊಡಗಿದಳು.
ಹಾರನ್ನಿಗೆ ತಲೆ ಎತ್ತಲಿಲ್ಲ.
ಎರಡು ಕಿಲೋ ಹುರುಳಿಕಾಯಿ.

ಸಂಜೆಗೆ ಹನ್ನೊಂದು ಕುರ್ಚಿ.
ಗುರುವಾರಕ್ಕೆ ಎಣಿಸುವುದನ್ನು ಬಿಟ್ಟೆ.
ಶನಿವಾರ ಅವು ನಡೆದೇ ಬಿಟ್ಟವು
ತಲೆಯ ಮೇಲೆ, ಕಂಕುಳಲ್ಲಿ, ಮೊಮ್ಮಗನ ಸೈಕಲ್ಲಿನ ಹಿಂದೆ,
ಸೇತುವೆ ದಾಟಿ ನಗರಸಭೆಯ ಚೌಕಕ್ಕೆ:
ಬೆತ್ತ ಹರಿದದ್ದು, ಕುಂಟುಕಾಲಿಗೆ ಬಟ್ಟೆ ಸುತ್ತಿದ್ದು,
ತೀರಿಕೊಂಡ ಗಂಡನದೆಂದು ಯಾರೂ ಕೂರದೆ ಇಟ್ಟದ್ದು,
ಹಲ್ಲಿನ ಡಾಕ್ಟರು ಅಂಜೋರನ ಏರಿಳಿಯುವ ಕುರ್ಚಿ ಕೂಡ,
ಐದು ಜನ ಹೊತ್ತು, ಬೆವರಿ, ನಗುತ್ತ.

ಘೋಷಣೆ ಇಲ್ಲ. ಕೂತರು, ಅಷ್ಟೇ.
ಕೂತವರನ್ನು ಚದುರಿಸುವುದು ಹೇಗೆಂದು
ನಿಂತ ಪೊಲೀಸರಿಗೆ ತಿಳಿಯಲಿಲ್ಲ.
ಒಬ್ಬ ಹುಡುಗನಿಗೆ ಅವನ ಅಜ್ಜಿಯೇ ಎದುರಾಗಿ
ಟೋಪಿ ಸರಿಮಾಡಿ 'ಏನಾದರೂ ತಿಂದೆಯಾ?' ಎಂದಳು.
ಮೇಲಿನ ಮಹಡಿಯ ಪರದೆ ಬೆರಳಷ್ಟು ಸರಿದಿತ್ತು.
ಪಾಪ, ಅವರೂ ಅವತ್ತು ಯೋಚಿಸುತ್ತಿದ್ದದ್ದು ಕುರ್ಚಿಯನ್ನೇ:
ಅಲ್ಲಿರುವುದು ಒಂದೇ, ಚರ್ಮದ್ದು,
ಅದಕ್ಕೆ ಚಕ್ರ ಬೇರೆ.

ಆದೇಶ ನಲವತ್ತೆರಡು. ಅರ್ಧ ಸಾಲು.
ಯಾಕೆಂದು ಬರೆದಿರಲಿಲ್ಲ.
ಬೆಂಚುಗಳಲ್ಲಿ ಅರ್ಧ ಗುಜರಿಗೆ ಹೋಗಿಯಾಗಿತ್ತು,
ಉಳಿದವನ್ನು ನಾನೇ ಕೂರಿಸಿದೆ, ಅದೇ ಸ್ಪ್ಯಾನರಿನಲ್ಲಿ.
ಸಾಹೇಬರು ರಿಬ್ಬನ್ ಕತ್ತರಿಸಿ, ಇದು ತಮ್ಮ ಬಹುದಿನದ ಕನಸೆಂದರು.
ನಾಲ್ಕನೇ ಬೋಲ್ಟು ಈಗ ಪೂರಾ ಬಿಗಿಯಾಗುವುದಿಲ್ಲ,
ತೂತು ಸವೆದಿದೆ.

ಲಮಾರಾ ಸಂಜೆ ಕೆಳಗಿಳಿಯುತ್ತಾಳೆ
ತನ್ನ ಕುರ್ಚಿ ತಾನೇ ಹೊತ್ತು.
ಬೆಂಚಿನ ಪಕ್ಕದಲ್ಲೇ ಇಟ್ಟು ಕೂರುತ್ತಾಳೆ.
ಬೆಂಚು ಖಾಲಿ.
ನಾನು ಹಾದುಹೋದಾಗ ಅವಳ ಕಣ್ಣು ಮೊದಲು
ನನ್ನ ಕೈಗೆ ಬರುತ್ತದೆ, ಆಮೇಲೆ ಮುಖಕ್ಕೆ.

ದಾಳ ಇನ್ನೂ ಜೇಬಿನಲ್ಲಿದೆ.
ಯಾರೂ ಕೇಳಿಲ್ಲ.